ಕೆಮಿಸ್ಟ್ರಿ ಕಿಟ್ ರಿವ್ಯೂ: ಅಯಾನ್ ಕಾರ್ಡ್ ಸೂಪರ್, ನಿಯಮಗಳ ಪುಸ್ತಕ ಸಪ್ಪೆ

ಪೂರ್ತಿ ಓದೋಕೆ ಟೈಮ್ ಇಲ್ದೋರಿಗೆ ಮೊದಲೇ ಹೇಳ್ಬಿಡ್ತೀನಿ. ಮನೇಲಿ ಒಂಬತ್ತು ಅಥವಾ ಹತ್ತನೇ ಕ್ಲಾಸಿನ ಮಕ್ಕಳಿದ್ರೆ ಈ ಬಾಕ್ಸ್ ತಗೊಳ್ಳಿ, ಇದರಲ್ಲಿರೋ ಅಯಾನ್ (ಚಾರ್ಜ್ ಇರೋ ಪರಮಾಣು ಅಥವಾ ಪರಮಾಣುಗಳ ಗುಂಪು) ಕಾರ್ಡ್‌ಗೋಸ್ಕರನೇ ತಗೊಳ್ಳಿ, ಜೊತೆಗೆ ಒಂದು ಸಣ್ಣ ಡಿಜಿಟಲ್ ತೂಕದ ಮೆಷಿನ್ ಬೇರೆ ತರಿಸ್ಕೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೀನಿ. ಪಿಯುಸಿ ಮಕ್ಕಳಿಗೆ ಅಂತಾದ್ರೆ ಬೇಡ, ಅವರಿಗೆ ಇದರಲ್ಲಿ ಅಷ್ಟೇನೂ ಸಿಗಲ್ಲ.

ನಾನು ಸಾಗರದಲ್ಲಿ ಮನೇಲೇ ಟ್ಯೂಷನ್ ಮಾಡ್ತೀನಿ, ಹೈಸ್ಕೂಲ್ ಸೈನ್ಸು, ಫಸ್ಟ್ ಪಿಯುಸಿ ಕೆಮಿಸ್ಟ್ರಿ. ಕನ್ನಡ ಮೀಡಿಯಂ ಮಕ್ಕಳೂ ಬರ್ತಾರೆ ಇಂಗ್ಲಿಷ್ ಮೀಡಿಯಂನೋರೂ ಬರ್ತಾರೆ. ಇಬ್ಬರಿಗೂ ಕಷ್ಟ ಒಂದೇ ಕಡೆ, ಫಾರ್ಮುಲಾ ಬರೆಯೋದ್ರಲ್ಲಿ. ಅದು ಬರದಿದ್ರೆ ಸಮೀಕರಣ ಸರಿದೂಗಿಸೋದು ಬರಲ್ಲ, ಅದು ಬರದಿದ್ರೆ ಕ್ರಿಯೆಯ ವಿಧ ಗುರುತಿಸೋಕೆ ಬರಲ್ಲ, ಆಮೇಲೆ ಇಡೀ ಕೆಮಿಸ್ಟ್ರಿನೇ ಬಾಯಿಪಾಠ ಆಗ್ಬಿಡುತ್ತೆ. ಅದಕ್ಕೇ ಆನ್‌ಲೈನಲ್ಲಿ ಇದನ್ನ ನೋಡಿದ ತಕ್ಷಣ ತರಿಸಿದೆ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಹೆಚ್ಚುಕಮ್ಮಿ ಇದೇ ಥರದ ಬಾಕ್ಸು ಬೇರೆ ಬೇರೆ ಹೆಸರಲ್ಲಿ ಬರ್ತಿದೆ. ಯಾವುದೇ ತಗೊಂಡ್ರೂ ಏನೇನು ಚೆಕ್ ಮಾಡ್ಬೇಕು ಅನ್ನೋದು ನಿಮಗೆ ಉಪಯೋಗ ಆಗ್ಬೋದು. ಬಾಕ್ಸಲ್ಲಿ ಇರೋದು ನಾಲ್ಕು ಐಟಂ: ಅಯಾನ್ ಕಾರ್ಡಿನ ಸೆಟ್ಟು, ಸಣ್ಣ ಸಣ್ಣ ಬಾಟಲಿಗಳ ರಿಯಾಕ್ಷನ್ ಕಿಟ್ಟು, ರಸಾಯನ ನಿಯಮಗಳ ಒಂದು ಪುಟ್ಟ ಪುಸ್ತಕ, ಗೋಡೆಗೆ ಹಾಕೋ ಪೀರಿಯಾಡಿಕ್ ಟೇಬಲ್ಲು.

ಕಾರ್ಡಿನ ವಿಷಯಕ್ಕೆ ಬರ್ತೀನಿ. ದಪ್ಪ ರಟ್ಟು, ಮೇಲೆ ಲ್ಯಾಮಿನೇಷನ್, ಪಾಸಿಟಿವ್ ಅಯಾನೆಲ್ಲ ನೀಲಿ, ನೆಗೆಟಿವ್ ಎಲ್ಲ ಕೆಂಪು. ಇದರಲ್ಲಿರೋ ಜಾಣತನ ಏನಪ್ಪಾ ಅಂದ್ರೆ ಚಾರ್ಜ್ ಎಷ್ಟೋ ಕಾರ್ಡು ಅಷ್ಟು ಅಗಲ. ಸೋಡಿಯಂ 1 ಪ್ಲಸ್, ಅದು ಒಂದು ಮನೆ ಅಗಲ, ಕ್ಯಾಲ್ಸಿಯಂ ಎರಡು ಮನೆ, ಅಲ್ಯೂಮಿನಿಯಂ ಮೂರು ಮನೆ, ಕೆಳಗಡೆ ಕ್ಲೋರೈಡ್ ಒಂದು, ಸಲ್ಫೇಟ್ ಎರಡು, ಫಾಸ್ಫೇಟ್ ಮೂರು. ಮೇಲಿನ ಸಾಲು ಕೆಳಗಿನ ಸಾಲು ಎರಡೂ ಒಂದೇ ಉದ್ದ ಬರೋ ಹಾಗೆ ಜೋಡಿಸ್ಬೇಕು, ಅಷ್ಟೇ ಆಟ. ಅಲ್ಯೂಮಿನಿಯಂ ಸಲ್ಫೇಟ್ ಮಾಡು ಅಂದ್ರೆ ಮಗು ಒಂದು ಅಲ್ಯೂಮಿನಿಯಂ ಇಟ್ಟು ಕೆಳಗೆ ಒಂದು ಸಲ್ಫೇಟ್ ಇಡುತ್ತೆ, ಒಂದು ಮನೆ ಖಾಲಿ ಉಳಿಯುತ್ತೆ, ಇನ್ನೊಂದು ಸಲ್ಫೇಟ್ ಇಟ್ರೆ ಒಂದು ಮನೆ ಹೊರಗೆ ಚಾಚುತ್ತೆ, ಮೇಲೆ ಇನ್ನೊಂದು ಅಲ್ಯೂಮಿನಿಯಂ ಇಟ್ರೆ ಆರು ಮನೆ, ಕೆಳಗೆ ಮೂರನೇ ಸಲ್ಫೇಟ್ ಇಟ್ರೆ ಅದೂ ಆರು. ಎರಡು ಅಲ್ಯೂಮಿನಿಯಂ, ಮೂರು ಸಲ್ಫೇಟ್. ಲಸಾಅ ಅನ್ನೋ ಪದ ನಾನು ಬಾಯಿ ಬಿಡ್ಲೇ ಇಲ್ಲ, ಅದೇ ಬಂತು.

ಸ್ಕೂಲಲ್ಲಿ ಸಾಮಾನ್ಯವಾಗಿ ಕ್ರಿಸ್ ಕ್ರಾಸ್ ಹೇಳ್ಕೊಡ್ತಾರೆ, ಇದರ ವೇಲೆನ್ಸಿ (ಚಾರ್ಜಿನ ಸಂಖ್ಯೆ) ಅದರ ಕೆಳಗೆ ಅದರದ್ದು ಇದರ ಕೆಳಗೆ ಅಂತ. ಬೇಗ ಆಗುತ್ತೆ ನಿಜ, ಆದ್ರೆ ಯಾಕೆ ಅಂತ ಕೇಳಿದ್ರೆ ಮಕ್ಕಳ ಹತ್ರ ಉತ್ತರ ಇರಲ್ಲ, ಮೆಗ್ನೀಸಿಯಂ ಆಕ್ಸೈಡ್‌ಗೆ ಎಂಜಿ ಟೂ ಓ ಟೂ ಅಂತ ಬರೆದು ಕೂತಿರ್ತಾರೆ. ಕಾರ್ಡಲ್ಲಿ ಆ ತಪ್ಪು ಆಗೋದೇ ಇಲ್ಲ, ಎರಡು ಮನೆಗೆ ಎರಡು ಮನೆ, ಒಂದಕ್ಕೊಂದು, ಮುಗೀತು. ಬ್ರಾಕೆಟ್ ಯಾಕೆ ಹಾಕ್ಬೇಕು ಅನ್ನೋದೂ ಹಾಗೇ. ಕ್ಯಾಲ್ಸಿಯಂ ಕೆಳಗೆ ಎರಡು ಹೈಡ್ರಾಕ್ಸೈಡ್ ಕಾರ್ಡು ಪೂರ್ತಿಪೂರ್ತಿ ಕೂತಿರೋದು ಕಣ್ಣಿಗೆ ಕಾಣುತ್ತೆ, ಎರಡು ಆಕ್ಸಿಜನ್ ಎರಡು ಹೈಡ್ರೋಜನ್ ಇದಾವೆ ಅಂತ ಎಣಿಸ್ಬೋದು, ಹಾಗಾಗಿ ಬ್ರಾಕೆಟ್ ಇಲ್ದೆ ಓ ಎಚ್ ಟೂ ಅಂತ ಬರೆದ್ರೆ ಒಂದು ಆಕ್ಸಿಜನ್ ಕಳೆದುಹೋಗುತ್ತೆ ಅಂತ ಅವರೇ ಹೇಳ್ತಾರೆ.

ಕಬ್ಬಿಣಕ್ಕೆ ಎರಡು ಕಾರ್ಡಿದೆ, 2 ಪ್ಲಸ್ ಒಂದು 3 ಪ್ಲಸ್ ಒಂದು, ತಾಮ್ರಕ್ಕೂ 1 ಪ್ಲಸ್ 2 ಪ್ಲಸ್ ಎರಡೂ ಇದೆ, ಇದು ತುಂಬಾ ಒಳ್ಳೇದು ಮಾಡಿದಾರೆ. ಅಮೋನಿಯಂ, ನೈಟ್ರೇಟ್, ಕಾರ್ಬೊನೇಟ್ ಥರದ ಗುಂಪು ಅಯಾನುಗಳೆಲ್ಲ ಇವೆ. ಸಲ್ಫೇಟ್, ಸಲ್ಫೈಟ್, ಸಲ್ಫೈಡ್ ಮೂರನ್ನೂ ಒಂದೇ ಅಗಲದ ಕಾರ್ಡಲ್ಲಿ ಕೊಟ್ಟು ಒಳಗೆ ಆಕ್ಸಿಜನ್ ಚುಕ್ಕೆ ಬಿಡಿಸಿದಾರೆ, ಒಂದರಲ್ಲಿ ನಾಲ್ಕು, ಒಂದರಲ್ಲಿ ಮೂರು, ಇನ್ನೊಂದರಲ್ಲಿ ಇಲ್ವೇ ಇಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ರೆ ಮಕ್ಕಳು ಆಮೇಲೆ ಗೊಂದಲ ಮಾಡ್ಕೊಳಲ್ಲ. ಹಿಂದುಗಡೆ ಕನ್ನಡದಲ್ಲೂ ಹೆಸರಿದೆ, ಅದರ ಕೆಳಗೆ ಆ ಅಯಾನಿನ ಲವಣಗಳಲ್ಲಿ ಯಾವುದು ನೀರಲ್ಲಿ ಕರಗುತ್ತೆ ಯಾವುದು ಕರಗಲ್ಲ ಅಂತ ಒಂದು ಸಾಲಿದೆ. ನೈಟ್ರೇಟ್ ಎಲ್ಲಾ ಕರಗುತ್ತೆ, ಸೋಡಿಯಂ ಪೊಟ್ಯಾಸಿಯಂ ಅಮೋನಿಯಂದು ಎಲ್ಲಾ ಕರಗುತ್ತೆ, ಕ್ಲೋರೈಡಲ್ಲಿ ಬೆಳ್ಳಿ, ಸೀಸ ಬಿಟ್ಟು ಸಾಮಾನ್ಯವಾಗಿ ಎಲ್ಲಾ ಕರಗುತ್ತೆ, ಕಾರ್ಬೊನೇಟಲ್ಲಿ ಸೋಡಿಯಂ ಪೊಟ್ಯಾಸಿಯಂ ಅಮೋನಿಯಂ ಬಿಟ್ರೆ ಹೆಚ್ಚಿನವು ಕರಗಲ್ಲ. ಈ ಒಂದು ಸಾಲು ಗೊತ್ತಿದ್ರೆ ದ್ವಿಸ್ಥಾನಪಲ್ಲಟ ಕ್ರಿಯೆಲಿ, ಅಂದ್ರೆ ಎರಡು ಲವಣಗಳು ಅಯಾನ್ ಅದಲುಬದಲು ಮಾಡ್ಕೊಳ್ಳೋದ್ರಲ್ಲಿ, ಪ್ರಕ್ಷೇಪ (ಕರಗದೆ ತಳಕ್ಕೆ ಕೂರೋದು) ಯಾವುದು ಅಂತ ಬಾಯಿಪಾಠ ಮಾಡೋದೇ ಬೇಡ, ನೋಡಿ ಹೇಳ್ಬೋದು.

ಇದೇ ಕಾರ್ಡ್ ಇಟ್ಕೊಂಡು ನಾನು ಮಾಡಿಸಿದ ಒಂದು ಲೆಕ್ಕ ಬಾಕ್ಸಿನ ಪುಸ್ತಕದಲ್ಲಿ ಇಲ್ಲ, ನೀವೂ ಮಾಡಿಸಿ. ಮೆಡಿಕಲ್ ಶಾಪಲ್ಲಿ ಸಿಗೋ ಓಆರ್‌ಎಸ್ ಪ್ಯಾಕೆಟ್ ತಗೊಳ್ಳಿ, ಡಬ್ಲ್ಯೂಎಚ್‌ಓ ಫಾರ್ಮುಲಾ ಅಂತ ಇರೋದು. ಅದನ್ನ ಒಂದು ಲೀಟರ್ ನೀರಿಗೆ ಹಾಕಿದ್ರೆ ಸೋಡಿಯಂ 75, ಪೊಟ್ಯಾಸಿಯಂ 20, ಕ್ಲೋರೈಡ್ 65, ಸಿಟ್ರೇಟ್ 10 ಮಿಲಿಮೋಲ್ (ಕಣಗಳನ್ನ ಎಣಿಸೋ ಅಳತೆ) ಇರುತ್ತೆ. ಪಾಸಿಟಿವ್ ಕೂಡಿಸಿ, 75ಕ್ಕೆ 20 ಸೇರಿದ್ರೆ 95. ನೆಗೆಟಿವ್ ಕೂಡಿಸಿದ್ರೆ 65ಕ್ಕೆ 10 ಸೇರಿ 75 ಬರುತ್ತಲ್ಲ, ತಪ್ಪಾಯ್ತಲ್ಲ ಅಂತ ಮಕ್ಕಳು ತಲೆ ಕೆರ್ಕೋತಾರೆ. ಆಗ ಹೇಳಿ, ಸಿಟ್ರೇಟ್ 3 ಮೈನಸ್ ಅಂತ. ಮೂರು ಹತ್ತಲ ಮೂವತ್ತು, 65ಕ್ಕೆ 30 ಸೇರಿ 95. ಎರಡೂ ಕಡೆ ಸಮ. ಭೇದಿ ಆದಾಗ ಕುಡಿಯೋ ಪುಡೀಲೂ ಚಾರ್ಜ್ ಲೆಕ್ಕ ಕೂಡಿ ಬರಲೇಬೇಕು ಅಂತ ಗೊತ್ತಾದಾಗ ಆ ಮುಖಗಳನ್ನ ನೋಡ್ಬೇಕು. ಸಿಟ್ರೇಟ್ ಕಾರ್ಡ್ ಬಾಕ್ಸಲ್ಲಿ ಇಲ್ಲ, ನಾವೇ ರಟ್ಟಲ್ಲಿ ಮೂರು ಮನೆ ಅಗಲ ಕತ್ತರಿಸಿ ಮಾಡ್ಕೊಂಡ್ವಿ.

ಹಾಗೇನೇ ಬೋರ್‌ವೆಲ್ ನೀರಿನ ಟೆಸ್ಟ್ ರಿಪೋರ್ಟು. ಪಾವಗಡ, ಕೋಲಾರದ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ನಮ್ಮಲ್ಲಿ ಎಲ್ರೂ ಕೇಳಿರೋ ವಿಷಯ. ಕುಡಿಯೋ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರ ತನಕ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರ್ದು. ಅಯಾನು ಅಂದ್ರೆ ಪರೀಕ್ಷೆಗೆ ಬರೋ ಪಟ್ಟಿ ಅಂತ ಅಂದ್ಕೊಂಡಿರೋ ಮಕ್ಕಳಿಗೆ ಈ ರಿಪೋರ್ಟ್ ಓದಿಸೋದು ತುಂಬಾ ಮುಖ್ಯ ಅಂತ ನನ್ನ ಅಭಿಪ್ರಾಯ. ಹಲ್ಲು, ಮೂಳೆ ಹಾಳಾಗೋದು ಅದೇ ಕೆಂಪು ಬಣ್ಣದ ಒಂದು ಮನೆ ಅಗಲದ ಕಾರ್ಡಿಂದ.

ಈಗ ಕಾರ್ಡಿನ ದೋಷ. ಬೈಕಾರ್ಬೊನೇಟ್ ಕಾರ್ಡು ನನ್ನ ಸೆಟ್ಟಲ್ಲಿ ಎರಡು ಮನೆ ಅಗಲ ಬಂದಿದೆ, ಚಾರ್ಜೂ 2 ಮೈನಸ್ ಅಂತ ಪ್ರಿಂಟ್ ಆಗಿದೆ. ಇದು ಸಣ್ಣ ತಪ್ಪಲ್ಲ. ಕಾರ್ಬೊನೇಟ್ 2 ಮೈನಸ್, ಅದಕ್ಕೊಂದು ಹೈಡ್ರೋಜನ್ ಪ್ಲಸ್ ಸೇರಿದಾಗ 1 ಮೈನಸ್ ಆಗ್ಬೇಕು. ಈ ಕಾರ್ಡ್ ನಂಬಿದ್ರೆ ಅಡುಗೆ ಸೋಡಾಕ್ಕೆ ಎರಡು ಸೋಡಿಯಂ ಬೇಕು ಅಂತ ಬರುತ್ತೆ, ಇರೋದು ಒಂದೇ. ಮಕ್ಕಳ ಕೈಗೆ ಕೊಡೋ ಮುಂಚೆ ಒಂದೊಂದೂ ನೋಡಿ. ಕಂಪನಿಗೆ ಫೋಟೋ ಕಳಿಸಿದೆ, ಹೊಸ ಕಾರ್ಡ್ ಕಳಿಸ್ತೀವಿ ಅಂದ್ರು, ಕಳಿಸಿದ್ರು ಕೂಡ, ಆದ್ರೆ ಬಾಕಿಯವರ ಬಾಕ್ಸಲ್ಲಿ ಸರಿ ಆಗಿದ್ಯೋ ಇಲ್ವೋ. ಇನ್ನೊಂದು, ಪರ್ಮಾಂಗನೇಟ್, ಡೈಕ್ರೋಮೇಟ್, ಅಸಿಟೇಟ್ ಇಲ್ಲ, ಪಿಯುಸಿಗೆ ಬೇಡ ಅಂದಿದ್ದು ಅದಕ್ಕೇ.

ರಿಯಾಕ್ಷನ್ ಕಿಟ್ಟಲ್ಲಿ ಕಾಪರ್ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ವಾಷಿಂಗ್ ಸೋಡಾ, ಅಡುಗೆ ಸೋಡಾ, ಸಿಟ್ರಿಕ್ ಆಸಿಡ್, ಕಬ್ಬಿಣದ ಮೊಳೆ, ಒಂದಿಷ್ಟು ಲಿಟ್ಮಸ್ ಪೇಪರ್, ಪ್ಲಾಸ್ಟಿಕ್ ಟೆಸ್ಟ್ ಟ್ಯೂಬ್, ಡ್ರಾಪರ್ ಇದಾವೆ. ಏನಿಲ್ಲ ಅನ್ನೋದನ್ನ ನಾನು ಮೊದಲು ನೋಡಿದ್ದು. ಪಾಠದಲ್ಲಿ ಬರೋ ಲೆಡ್ ನೈಟ್ರೇಟ್ ಇಲ್ಲ, ಬೇರಿಯಂ ಕ್ಲೋರೈಡ್ ಇಲ್ಲ, ಮೆಗ್ನೀಸಿಯಂ ರಿಬ್ಬನ್ ಇಲ್ಲ. ಕೆಲವರು ರಿವ್ಯೂದಲ್ಲಿ ಲೆಡ್ ನೈಟ್ರೇಟಿಂದ ಬರೋ ಹಳದಿ ಪ್ರಕ್ಷೇಪ ಮಾಡೋಕೆ ಆಗಲ್ಲ ಅಂತ ಸ್ಟಾರ್ ಕಟ್ ಮಾಡಿದಾರೆ, ನನ್ನ ಪ್ರಕಾರ ಇಲ್ಲದಿರೋದೇ ಸರಿ. ಸೀಸದ್ದು, ಬೇರಿಯಂದು ಕರಗುವ ಲವಣ ವಿಷ, ಮೆಗ್ನೀಸಿಯಂ ಉರಿಯೋ ಬೆಳಕನ್ನ ಬರಿಗಣ್ಣಲ್ಲಿ ನೋಡಬಾರ್ದು, ಅವೆಲ್ಲ ಸ್ಕೂಲ್ ಲ್ಯಾಬಲ್ಲಿ ಮೇಷ್ಟ್ರು ನಿಂತು ಮಾಡಿಸೋ ಕೆಲಸ. ದ್ವಿಸ್ಥಾನಪಲ್ಲಟಕ್ಕೆ ಇವರು ಕ್ಯಾಲ್ಸಿಯಂ ಕ್ಲೋರೈಡ್ ಪ್ಲಸ್ ವಾಷಿಂಗ್ ಸೋಡಾ ಕೊಟ್ಟಿದಾರೆ, ಎರಡೂ ತಿಳಿನೀರಿನ ಹಾಗಿರೋ ದ್ರಾವಣ, ಸೇರಿಸಿದ ಕೂಡ್ಲೆ ಹಾಲಿನ ಹಾಗೆ ಬಿಳಿ, ಕೆಳಗೆ ಕೂರೋದು ಕ್ಯಾಲ್ಸಿಯಂ ಕಾರ್ಬೊನೇಟ್, ಮೇಲೆ ಉಳಿಯೋದು ಉಪ್ಪುನೀರು. ಅಪಾಯ ತುಂಬಾ ಕಮ್ಮಿ, ಅರ್ಥ ಅಷ್ಟೇ ಚೆನ್ನಾಗಿ ಆಗುತ್ತೆ.

ಆದ್ರೆ ನಮ್ಮ ಕಡೆ ಮಕ್ಕಳಿಗೆ ನಿಜವಾಗಿ ಮನಸ್ಸಿಗೆ ಹತ್ತಿದ್ದು ಮೊಳೆ ಮತ್ತು ಕಾಪರ್ ಸಲ್ಫೇಟ್. ಮೊಳೆನ ಸ್ಯಾಂಡ್ ಪೇಪರಲ್ಲಿ ಚೆನ್ನಾಗಿ ಉಜ್ಜಿ, ನೀಲಿ ದ್ರಾವಣದಲ್ಲಿ ಅರ್ಧ ಮುಳುಗೋ ಹಾಗೆ ದಾರ ಕಟ್ಟಿ ಇಳಿಬಿಟ್ವಿ. ಸ್ವಲ್ಪ ಹೊತ್ತಿಗೆ ಮುಳುಗಿದ ಭಾಗದ ಮೇಲೆ ತಾಮ್ರದ ಕಂದುಗೆಂಪು ಪದರ, ಬೆರಳಲ್ಲಿ ತಿಕ್ಕಿದ್ರೆ ಪುಡಿಪುಡಿಯಾಗಿ ಬರುತ್ತೆ, ಇನ್ನೂ ಬಿಟ್ರೆ ನೀಲಿ ಬಣ್ಣ ಕಮ್ಮಿ ಆಗ್ತಾ ತೆಳು ಹಸಿರಿಗೆ ತಿರುಗುತ್ತೆ. ಅಡಿಕೆ ತೋಟದ ಮನೆಯ ಒಬ್ಬ ಹುಡುಗ ನೋಡಿದವನೇ, ಟೀಚರ್, ನಮ್ಮನೇಲಿ ಔಷಧಿ ಮಾಡುವಾಗ ಅಜ್ಜ ಕತ್ತಿ ಅದ್ದಿ ನೋಡ್ತಾರಲ್ಲ, ಇದೇ ಅಲ್ವಾ ಅದು ಅಂದ. ಅದೇ! ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ, 1 ಕೆಜಿ ಮೈಲುತುತ್ತ (ಅದೇ ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕಾಗದಿದ್ರೆ ದ್ರಾವಣದಲ್ಲಿ ತಾಮ್ರದ ಅಯಾನು ಬಿಡಿಯಾಗಿ ಉಳಿದಿರುತ್ತೆ, ಅದು ಎಳೇ ಭಾಗನ ಸುಡುತ್ತೆ. ಅದಕ್ಕೇ ಹರಿತವಾದ ಕಬ್ಬಿಣದ ಕತ್ತಿ ಅದ್ದಿ ತೆಗೀತಾರೆ, ಕತ್ತಿ ಮೇಲೆ ಕೆಂಪು ಬಂದ್ರೆ ಇನ್ನೂ ಸುಣ್ಣದ ತಿಳಿ ಹಾಕ್ತಾರೆ, ಕೆಂಪು ಬರದಿದ್ರೆ ಹೊಡೆಯೋಕೆ ರೆಡಿ. ಹತ್ತನೇ ಕ್ಲಾಸಿನ ಸ್ಥಾನಪಲ್ಲಟ ಕ್ರಿಯೆನ (ಒಂದು ಲೋಹ ಇನ್ನೊಂದರ ಜಾಗ ಹಿಡಿಯೋದು) ಅಜ್ಜಂದಿರು ಪ್ರತಿ ಮಳೆಗಾಲದ ಮೊದಲು ತೋಟದಲ್ಲಿ ಮಾಡ್ತಿದಾರೆ, ನಾವು ಪಾಠದಲ್ಲಿ ಅದನ್ನ ಹೇಳೋದೇ ಇಲ್ಲ ಅನ್ನೋದು ನನಗೆ ಬೇಜಾರಿನ ವಿಷಯ.

ಅವತ್ತೇ ಕಾರ್ಡ್ ತಂದು ಇದನ್ನ ಜೋಡಿಸಿದ್ವಿ. ತಾಮ್ರದ 2 ಪ್ಲಸ್ ಮೇಲೆ, ಸಲ್ಫೇಟ್ ಕೆಳಗೆ. ತಾಮ್ರದ ಕಾರ್ಡ್ ತೆಗೆದು ಅದೇ ಜಾಗಕ್ಕೆ ಕಬ್ಬಿಣದ 2 ಪ್ಲಸ್ ಇಟ್ರೆ ಸರಿಯಾಗಿ ಕೂರುತ್ತೆ, ಸಲ್ಫೇಟ್ ಅಲ್ಲಾಡಲೇ ಇಲ್ಲ. ಸಲ್ಫೇಟ್ ಸುಮ್ನೆ ನೋಡ್ತಾ ನಿಂತಿದೆ, ನಿಜವಾದ ವ್ಯವಹಾರ ನಡೆದಿರೋದು ಕಬ್ಬಿಣಕ್ಕೂ ತಾಮ್ರಕ್ಕೂ ಮಧ್ಯೆ, ಕಬ್ಬಿಣ ಎರಡು ಎಲೆಕ್ಟ್ರಾನ್ ಕೊಡ್ತು ತಾಮ್ರ ತಗೊಳ್ತು. ಕೊಟ್ಟಿದ್ದು ಉತ್ಕರ್ಷಣ, ತಗೊಂಡಿದ್ದು ಅಪಕರ್ಷಣ, ಎರಡೂ ಸೇರಿ ರೆಡಾಕ್ಸ್. ಇಲ್ಲಿ ಬಾಕ್ಸ್ ಜೊತೆ ಬಂದಿರೋ ರಿಯಾಕ್ಷನ್ ಶೀಟಿನ ಬಗ್ಗೆ ನನ್ನ ತಕರಾರಿದೆ. ಅದರಲ್ಲಿ ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ, ರೆಡಾಕ್ಸ್ ಅಂತ ಐದು ಬೇರೆ ಬೇರೆ ಬಣ್ಣದ ಡಬ್ಬಿ ಮಾಡಿ, ಒಂದು ಕ್ರಿಯೆ ಒಂದೇ ಡಬ್ಬೀಲಿ ಇರೋದು ಅನ್ನೋ ಥರ ತೋರಿಸಿದಾರೆ. ಹಾಗಲ್ಲ. ಮೊಳೆ ಮತ್ತು ಮೈಲುತುತ್ತ ಸ್ಥಾನಪಲ್ಲಟನೂ ಹೌದು ರೆಡಾಕ್ಸೂ ಹೌದು. ಇದ್ದಿಲು ಉರಿದು ಕಾರ್ಬನ್ ಡೈಆಕ್ಸೈಡ್ ಆಗೋದು ಸಂಯೋಗನೂ ಹೌದು ರೆಡಾಕ್ಸೂ ಹೌದು, ಬಹಿರುಷ್ಣಕ (ಶಾಖ ಹೊರಬಿಡೋದು) ಬೇರೆ. ಆದ್ರೆ ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಆಗೋದು ಸಂಯೋಗ, ಕುದಿಯೋಷ್ಟು ಬಿಸಿ ಬರುತ್ತೆ, ರೆಡಾಕ್ಸ್ ಅಲ್ವೇ ಅಲ್ಲ, ಯಾರ ಚಾರ್ಜೂ ಬದಲಾಗಲ್ಲ. ಪರೀಕ್ಷೇಲಿ ಎರಡು ಉತ್ತರ ಸರಿ ಇದ್ದಾಗ ಮಕ್ಕಳು ಗಾಬರಿ ಆಗೋದು ಇಂಥ ಶೀಟ್ ನೋಡಿನೇ.

ವಿಭಜನೆಗೆ ಅಡುಗೆ ಸೋಡಾ ಬಿಸಿ ಮಾಡೋದು ಕೊಟ್ಟಿದಾರೆ, ಅದು ವಾಷಿಂಗ್ ಸೋಡಾದ ನೀರಿಲ್ಲದ ರೂಪ, ನೀರಾವಿ, ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತೆ. ಗ್ಯಾಸ್ ಬಂತು ಅಂತ ತೋರಿಸೋಕೆ ಸುಣ್ಣದ ತಿಳಿನೀರು ಬೇಕು, ಕಿಟ್ಟಲ್ಲಿ ಇಲ್ಲ. ಪರವಾಗಿಲ್ಲ, ಎಲೆ ಅಡಿಕೆ ತಟ್ಟೇಲಿರೋ ಸುಣ್ಣ ಸ್ವಲ್ಪ ನೀರಲ್ಲಿ ಕದಡಿ ರಾತ್ರಿ ಇಟ್ಟು, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಸಿದುಕೊಂಡ್ರೆ ಆಯ್ತು. ಲಿಟ್ಮಸ್ ಬೇಗ ಖಾಲಿ ಆಗುತ್ತೆ, ಆಗ ಅರಿಶಿನ ಇದೆ, ಆರತಿಗೆ ಕೆಂಪು ನೀರು ಮಾಡೋದೂ ಅರಿಶಿನಕ್ಕೆ ಸುಣ್ಣ ಹಾಕೇ ತಾನೆ. ಅದಕ್ಕೆ ನಿಂಬೆರಸ ಹಿಂಡ್ತಾ ಹೋದ್ರೆ ಮತ್ತೆ ಹಳದಿ, ಆಮ್ಲ ಪ್ರತ್ಯಾಮ್ಲ ತಟಸ್ಥೀಕರಣ ಮುಗೀತು.

ಸೇಫ್ಟಿ ವಿಷಯದಲ್ಲಿ ಅರ್ಧ ಮಾರ್ಕು. ಗಾಗಲ್ ಕೊಟ್ಟಿದಾರೆ ಆದ್ರೆ ತೀರಾ ತೆಳು, ಪಕ್ಕದಿಂದ ಚಿಮ್ಮಿದ್ರೆ ತಡೆಯಲ್ಲ. ಗ್ಲೌಸ್ ದೊಡ್ಡವರ ಸೈಜು. ಕಾಪರ್ ಸಲ್ಫೇಟ್ ಬಾಟಲಿಗೆ ಮಕ್ಕಳು ತೆಗೆಯೋಕಾಗದ ಮುಚ್ಚಳ ಇರ್ಲೇಬೇಕಿತ್ತು, ನೀಲಿ ಹರಳು ನೋಡೋಕೆ ಚೆನ್ನಾಗಿರುತ್ತೆ, ಹೊಟ್ಟೆಗೆ ಹೋದ್ರೆ ವಿಷ. ಚಿಕ್ಕ ಮಕ್ಕಳಿರೋ ಮನೇಲಿ ಮೇಲಿನ ಕಪಾಟಲ್ಲಿ ಬೀಗ ಹಾಕಿಡಿ, ಉಳಿದ ನೀಲಿ ನೀರನ್ನ ಕೆರೆಗೆ, ಬಾವಿ ಹತ್ರ, ಮೀನಿನ ತೊಟ್ಟಿ ಹತ್ರ ಚೆಲ್ಲಬೇಡಿ, ತಾಮ್ರ ಸ್ವಲ್ಪ ಇದ್ರೂ ಮೀನಿಗೆ ಆಗಿ ಬರಲ್ಲ. ಇದನ್ನ ಶೀಟಲ್ಲಿ ಎಲ್ಲೂ ಬರೆದಿಲ್ಲ, ಬರೀಬೇಕಿತ್ತು.

ಮಲೆನಾಡಿನೋರಿಗೆ ಇನ್ನೊಂದು ಮಾತು. ಕ್ಯಾಲ್ಸಿಯಂ ಕ್ಲೋರೈಡ್ ಗಾಳೀಲಿರೋ ನೀರನ್ನ ಎಳ್ಕೊಂಡು ತಾನೇ ಕರಗಿಹೋಗೋ ಸ್ವಭಾವದ್ದು. ಜುಲೈ ತಿಂಗಳ ನಮ್ಮೂರ ಮಳೇಲಿ ಬಾಟಲಿ ಮುಚ್ಚಳ ಸಡಿಲ ಇದ್ದಿದ್ದಕ್ಕೆ ಪುಡಿ ಇದ್ದಿದ್ದು ಪಾಯಸ ಆಗೋಯ್ತು, ಮೊಳೆ ತುಕ್ಕು ಹಿಡೀತು. ಕಸ್ಟಮರ್ ಕೇರ್‌ನೋರು ಪ್ರಶ್ನೆ ಕೇಳದೆ ಇನ್ನೊಂದು ಬಾಟಲಿ ಕಳಿಸಿದ್ರು, ಅದಕ್ಕೆ ಅವರಿಗೆ ಥ್ಯಾಂಕ್ಸ್, ಆದ್ರೆ ಮುಚ್ಚಳದ ಒಳಗೆ ಸೀಲ್ ಹಾಕಿದ್ರೆ ಈ ಸಮಸ್ಯೆನೇ ಬರ್ತಿರ್ಲಿಲ್ಲ. ಬಂದ ಕೂಡ್ಲೆ ಒಳ್ಳೆ ಬಿಗಿ ಮುಚ್ಚಳದ ಗಾಜಿನ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದಿಡಿ.

ನಿಯಮಗಳ ಪುಸ್ತಕ ಮಾತ್ರ ನಿರಾಸೆ. ರಾಶಿ ಸಂರಕ್ಷಣಾ ನಿಯಮ (ಕ್ರಿಯೆಲಿ ಒಟ್ಟು ರಾಶಿ ಬದಲಾಗಲ್ಲ ಅನ್ನೋದು), ಸ್ಥಿರ ಅನುಪಾತ ನಿಯಮ, ಡಾಲ್ಟನ್, ಗೇ ಲುಸಾಕ್, ಅವೊಗ್ಯಾಡ್ರೊ, ಬಾಯ್ಲ್, ಚಾರ್ಲ್ಸ್ ಎಲ್ಲರನ್ನೂ ಒಂದೊಂದು ವಾಕ್ಯಕ್ಕೆ ಕಟ್ಟಿ ಹಾಕಿದಾರೆ, ಬರೀ ಇಂಗ್ಲಿಷಲ್ಲಿ. ಯಾರು ಯಾಕೆ ಆ ಪ್ರಶ್ನೆ ಕೇಳಿದ್ರು ಅನ್ನೋದು ಒಂದು ಸಾಲೂ ಇಲ್ಲ. ಲವಾಸಿಯೆ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞ ಮುಚ್ಚಿದ ಪಾತ್ರೇಲಿ ಇಟ್ಟು, ಕ್ರಿಯೆ ಮೊದಲು ಆಮೇಲೆ ಎರಡೂ ಸಲ ತೂಗಿದ್ದಕ್ಕೇ ರಾಶಿ ಸಂರಕ್ಷಣಾ ನಿಯಮ ಗಟ್ಟಿ ಆಗಿದ್ದು. ಆ ಮನುಷ್ಯನ್ನ ತೆರಿಗೆ ವಸೂಲಿ ಕಂಪನೀಲಿ ಇದ್ದ ಅಂತ 1794ರಲ್ಲಿ ಪ್ಯಾರಿಸಲ್ಲಿ ತಲೆ ಕಡಿದ್ರು, ಈ ಕಥೆ ಹೇಳಿದ್ರೆ ಯಾವ ಹುಡುಗ ಆ ಹೆಸರು ಮರೀತಾನೆ ಹೇಳಿ. ಪ್ರೂಸ್ಟ್ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞ ಸ್ಪೇನಲ್ಲಿ ಕೆಲಸ ಮಾಡ್ತಾ ತಾಮ್ರದ ಕಾರ್ಬೊನೇಟ್ ತಗೊಂಡು, ಗಣೀಲಿ ಸಿಕ್ಕಿದ್ದಾದ್ರೂ ಲ್ಯಾಬಲ್ಲಿ ಮಾಡಿದ್ದಾದ್ರೂ ಅದರಲ್ಲಿ ಧಾತುಗಳ ಅನುಪಾತ ಒಂದೇ ಅಂತ 1799ರಲ್ಲಿ ತೋರಿಸಿದ. ಇದೇ ಕಿಟ್ಟಿನ ಮೈಲುತುತ್ತಕ್ಕೆ ಇದೇ ಕಿಟ್ಟಿನ ವಾಷಿಂಗ್ ಸೋಡಾ ಹಾಕಿದ್ರೆ ನೀಲಿಹಸಿರು ಮುದ್ದೆ ಬರುತ್ತಲ್ಲ, ಅದು ಆ ಜಾತಿದೇ ವಸ್ತು. ಎರಡೂ ಬಾಟಲಿ ಬಾಕ್ಸಲ್ಲೇ ಇಟ್ಕೊಂಡು ಪ್ರೂಸ್ಟ್ ಪುಟದಲ್ಲಿ ಅದನ್ನ ಹೇಳದೆ ಬಿಟ್ಟಿದಾರೆ.

ರಾಶಿ ಸಂರಕ್ಷಣೆಗೆ ಅವರು ಕೊಟ್ಟಿರೋ ಪ್ರಯೋಗ ಅಂತೂ ಕೇಳಲೇಬೇಡಿ. ತೆರೆದ ಲೋಟದಲ್ಲಿ ಅಡುಗೆ ಸೋಡಾ, ಸಿಟ್ರಿಕ್ ಆಸಿಡ್ ನೀರು ಹಾಕಿ ತೂಗಿ ನೋಡಿ ಅಂತೆ. ತಕ್ಕಡಿ ಕಿಟ್ಟಲ್ಲೇ ಇಲ್ಲ, ಇದ್ರೂ ಗ್ಯಾಸ್ ಎಲ್ಲ ಹಾರಿಹೋಗಿ ತೂಕ ಕಮ್ಮಿ ಬರುತ್ತೆ, ಮಗು ನಿಯಮನೇ ಸುಳ್ಳು ಅಂದ್ಕೊಳುತ್ತೆ. ಬಲೂನ್ ಕಟ್ಟಿ ಮಾಡಿ ಅಂತ ಕೆಲವು ವಿಡಿಯೋದಲ್ಲಿ ತೋರಿಸ್ತಾರೆ, ಅದೂ ಸರಿಯಾಗಿ ಬರಲ್ಲ, ಯಾಕಂದ್ರೆ ಉಬ್ಬಿದ ಬಲೂನನ್ನ ಸುತ್ತಲಿನ ಗಾಳಿ ಮೇಲಕ್ಕೆ ಎತ್ತುತ್ತೆ, ಒಂದು ಲೀಟರ್ ಉಬ್ಬಿದ್ರೆ ತಕ್ಕಡಿ ಒಂದು ಗ್ರಾಮಿಗಿಂತ ಸ್ವಲ್ಪ ಜಾಸ್ತಿನೇ ಕಮ್ಮಿ ತೋರಿಸುತ್ತೆ. ಗ್ಯಾಸೇ ಬರದ ಕ್ರಿಯೆ ತಗೊಳ್ಳಿ. ಅಗಲ ಬಾಯಿಯ ಬಾಟಲೀಲಿ ಕ್ಯಾಲ್ಸಿಯಂ ಕ್ಲೋರೈಡ್ ನೀರು, ಅದರೊಳಗೆ ಸಣ್ಣ ಟ್ಯೂಬಲ್ಲಿ ವಾಷಿಂಗ್ ಸೋಡಾ ನೀರು ನಿಲ್ಲಿಸಿ, ಮುಚ್ಚಳ ಬಿಗಿ ಮಾಡಿ ತೂಗಿ. ಆಮೇಲೆ ಮುಚ್ಚಳ ತೆಗೀದೆ ಬಾಟಲಿ ಓರೆ ಮಾಡಿ, ಎರಡೂ ಬೆರೆತು ಬಿಳಿ ಆಗುತ್ತೆ, ಮತ್ತೆ ತೂಗಿ. ಚಿನ್ನ ತೂಗೋ ಥರದ ಪಾಕೆಟ್ ತಕ್ಕಡಿ, 0.01 ಗ್ರಾಂ ತೋರಿಸೋದು, ಆನ್‌ಲೈನಲ್ಲಿ ಕಮ್ಮಿ ರೇಟಿಗೇ ಸಿಗುತ್ತೆ, ಅದರ ಮೇಲೆ ತಡೆಯೋ ಅಷ್ಟು ಸಣ್ಣ ಬಾಟಲಿ ನೋಡ್ಕೊಳ್ಳಿ. ಒಳಗೆ ಎಲ್ಲಾ ಬದಲಾಗಿದೆ, ತಕ್ಕಡಿ ಮೇಲಿನ ನಂಬರ್ ಮಾತ್ರ ಹಾಗೇ ನಿಂತಿದೆ. ನಮ್ಮಲ್ಲಿ ಇಬ್ರು ಹುಡುಗೀರು ನಂಬದೆ ಬಾಟಲಿ ಒರೆಸಿ ಒರೆಸಿ ಮತ್ತೆ ತೂಗಿದ್ರು. ಸಮೀಕರಣ ಯಾಕೆ ಸರಿದೂಗಿಸ್ಬೇಕು ಅಂತ ಆಮೇಲೆ ನಾನು ಹೇಳೋ ಅವಶ್ಯಕತೆನೇ ಬೀಳ್ಲಿಲ್ಲ, ಎಡಗಡೆ ಇದ್ದ ಪರಮಾಣು ಬಲಗಡೆ ಇರ್ಲೇಬೇಕಲ್ವಾ ಅಂತ ಅವರೇ ಅಂದ್ರು.

ಡಾಲ್ಟನ್ನನ ಮಲ್ಟಿಪಲ್ ಪ್ರೊಪೋರ್ಷನ್ ನಿಯಮಕ್ಕೆ (ಅದೇ ಎರಡು ಧಾತು ಬೇರೆ ಬೇರೆ ಸಂಯುಕ್ತ ಮಾಡಿದಾಗ ತೂಕಗಳ ಅನುಪಾತ ಸಣ್ಣ ಪೂರ್ಣಸಂಖ್ಯೆ ಅನ್ನೋದು) ಪುಸ್ತಕದಲ್ಲಿ ಕಾರ್ಬನ್ ಮಾನಾಕ್ಸೈಡ್, ಡೈಆಕ್ಸೈಡ್ ಉದಾಹರಣೆ ಇದೆ, 12 ಗ್ರಾಂ ಕಾರ್ಬನ್ನಿಗೆ 16 ಮತ್ತೆ 32 ಗ್ರಾಂ ಆಕ್ಸಿಜನ್, 1ಕ್ಕೆ 2. ಸರಿಯಾಗೇ ಇದೆ. ಆದ್ರೆ ಕೈಯಲ್ಲೇ ಕಾರ್ಡಿದೆಯಲ್ಲ! ಆಕ್ಸೈಡ್ ಕಾರ್ಡಿನ ಮೇಲೆ ಎರಡು ತಾಮ್ರದ 1 ಪ್ಲಸ್ ಇಡಿ, ಇನ್ನೊಂದು ಆಕ್ಸೈಡ್ ಮೇಲೆ ಒಂದೇ ತಾಮ್ರದ 2 ಪ್ಲಸ್ ಇಡಿ. ಒಂದರಲ್ಲಿ 16 ಗ್ರಾಂ ಆಕ್ಸಿಜನ್ನಿಗೆ 127 ಗ್ರಾಂ ತಾಮ್ರ, ಇನ್ನೊಂದರಲ್ಲಿ 63.5 ಗ್ರಾಂ, ನೇರ 2ಕ್ಕೆ 1. ಅರ್ಧ ಕಾರ್ಡ್ ಇಡೋಕಾಗಲ್ಲ, ಅದಕ್ಕೇ ಅನುಪಾತ ಪೂರ್ಣಸಂಖ್ಯೆ. 1800ರ ಆಸುಪಾಸಲ್ಲಿ ಡಾಲ್ಟನ್ ಪರಮಾಣು ಇದೆ ಅಂತ ವಾದಿಸೋಕೆ ಇಟ್ಕೊಂಡ ತರ್ಕ ಇದೇ ತಾನೆ, ಕಣ್ಣಿಗೆ ಕಾಣದ್ದನ್ನ ತೂಕದ ಲೆಕ್ಕದಿಂದ ಹಿಡಿದ ಪುಣ್ಯಾತ್ಮ. ಕಾರ್ಡ್ ಮಾಡಿದೋರು ಬೇರೆ, ಪುಸ್ತಕ ಬರೆದೋರು ಬೇರೆ ಅಂತ ನನಗೆ ಅನ್ಸಿದ್ದು ಈ ಪುಟ ನೋಡಿದಾಗ.

ಅವೊಗ್ಯಾಡ್ರೊ ಪುಟದಲ್ಲಿ ಎಸ್‌ಟಿಪಿಲಿ (ಗೊತ್ತುಮಾಡಿದ ತಾಪ, ಒತ್ತಡದಲ್ಲಿ) ಒಂದು ಮೋಲ್ ಅನಿಲ 22.4 ಲೀಟರ್ ಅಂತ ಇದೆ, ಒತ್ತಡ ಎಷ್ಟು ಅಂತ ಹೇಳಿಲ್ಲ. 1 ಅಟ್ಮಾಸ್ಫಿಯರ್ ಆದ್ರೆ 22.4, 1 ಬಾರ್ ಆದ್ರೆ 22.7, ಎರಡಕ್ಕೂ ತಾಪ 273.15 ಕೆಲ್ವಿನ್. ಪಿಯುಸಿ ಪುಸ್ತಕದಲ್ಲಿ ಬಾರ್ ಲೆಕ್ಕ ಇರೋದ್ರಿಂದ ಈ ಪುಟ ಓದಿಕೊಂಡು ಹೋದ ಮಕ್ಕಳಿಗೆ ಗೊಂದಲ ಆಗುತ್ತೆ.

ಗೋಡೆ ಚಾರ್ಟು ಚೆನ್ನಾಗಿದೆ, ಅಕ್ಷರ ದೂರದಿಂದ ಕಾಣುತ್ತೆ, 2016ರಲ್ಲಿ ಹೆಸರಿಟ್ಟ ನಾಲ್ಕು ಧಾತುಗಳೂ ಇದಾವೆ, ಹಳೇ ಚಾರ್ಟ್ ಮರುಪ್ರಿಂಟ್ ಅಲ್ಲ. ಅಷ್ಟು ಸಾಕು ಅದರ ಬಗ್ಗೆ.

ರೇಟು ಸಾವಿರದ ಮೇಲೆ ಸ್ವಲ್ಪ, ಒಂದೇ ಮಗುವಿಗೆ ಅಂತ ತಗೊಂಡ್ರೆ ಜಾಸ್ತಿ ಅನ್ಸಬೋದು, ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ತಗೊಂಡ್ರೆ ಅಥವಾ ಸರ್ಕಾರಿ ಹೈಸ್ಕೂಲಿಗೆ ಹಳೇ ವಿದ್ಯಾರ್ಥಿಗಳು ಕೊಡಿಸಿದ್ರೆ ಒಂದೊಂದು ರೂಪಾಯಿಗೂ ಬೆಲೆ ಇದೆ. ಕಾರ್ಡ್ ಹಾಳಾಗಲ್ಲ, ವರ್ಷಾನುಗಟ್ಟಲೆ ಬರುತ್ತೆ. ಕೆಮಿಕಲ್ ಖಾಲಿ ಆದ್ಮೇಲೆ ಕಂಪನಿ ರೀಫಿಲ್ ಪ್ಯಾಕ್‌ಗೆ ದುಡ್ಡು ಹಾಕ್ಬೇಡಿ, ವಾಷಿಂಗ್ ಸೋಡಾ, ಅಡುಗೆ ಸೋಡಾ ಕಿರಾಣಿ ಅಂಗಡೀಲಿ ಸಿಗುತ್ತೆ, ಮೈಲುತುತ್ತ ಗೊಬ್ಬರದ ಅಂಗಡೀಲಿ ಸಿಗುತ್ತೆ, ಮೊಳೆ ಪ್ರಯೋಗಕ್ಕೆ ಅದೇ ಸಾಕು. ಕ್ಯಾಲ್ಸಿಯಂ ಕ್ಲೋರೈಡ್ ಒಂದು ಮಾತ್ರ ಅವರ ಹತ್ರನೇ ತರಿಸಿ. ಕಾರ್ಡ್ ಸೆಟ್ ಒಂದನ್ನೇ ಬಿಡಿಯಾಗಿ ಮಾರಿ ಅಂತ ಕಂಪನಿಗೆ ಮೇಲ್ ಹಾಕಿದೀನಿ, ಶುರು ಮಾಡಿದ್ರೆ ಟ್ಯೂಷನ್‌ಗೆ ಇನ್ನೂ ಎರಡು ಸೆಟ್ ನಾನೇ ತಗೋತೀನಿ.